ಗರಗಸ ಕಾಯುವ ಶೆಟ್ಟೆಪ್ಪ
ವಡಾಲದಲ್ಲಿ ಮರ ಮಾರುವ ಬೆಳಗಾವಿಯ ಸಾವುಕಾರರ ಗ್ಯಾರೇಜೇ ವಿಜಾಪುರದ ಶೆಟ್ಟೆಪ್ಪನಿಗೆ ಕೆಲಸದ ಜಾಗ, ಅದೇ ಮನೆ. ಇದ್ದದ್ದು ಒಂದು ಕಾರು ನಿಲ್ಲುವಷ್ಟು ಜಾಗ. ಶೆಟ್ಟೆಪ್ಪನೋ ಜಾಗ ಸಾಲದೆಂದು ಹೇಳಿದವನೇ ಅಲ್ಲ. ವಿಲಾಯಿತಿಯ ಮೋಟಾರು ಗರಗಸಗಳ ಹಲ್ಲಿನ ಸರಪಳಿಗೆ ಗೋಣಿತಟ್ಟಿನ ಕುಲಾವಿ ತೊಡಿಸಿ, ಗೋಡೆಗೆ ತೂಗುಹಾಕಿ, ಪ್ರತಿಯೊಂದರ ಸುತ್ತ ಸೀಮೆಸುಣ್ಣದ ಗೆರೆ ಎಳೆದಿದ್ದಾನೆ. ಹತ್ತಾದರೂ ಹದಿನೈದಾದರೂ, "ಇನ್ನೊಂದ ಹಿಡಸ್ತೈತ್ರಿ ಸಾವ್ಕಾರ್ರ" ಎನ್ನುತ್ತಾನೆ. ಹೀಗೆ ಹಿಡಿಸಿ ಹಿಡಿಸಿ ಸಾವುಕಾರರ ಕಾರನ್ನೇ ಬೀದಿಗೆ ಹಾಕಿದ. ತಾನು ಬಾಗಿಲಲ್ಲಿ ನಿಂತೇ ಉಣ್ಣುತ್ತಾನೆ. ಆದರೂ ಕಿಟಕಿಯ ಕೆಳಗೆ, ನೆಲದ ಮೇಲೆ, ಸೀಮೆಸುಣ್ಣದ ಒಂದು ಚೌಕ ಮಾತ್ರ ಖಾಲಿ. ದಿನಾ ಅದನ್ನು ಗುಡಿಸಿ ಗೆರೆ ತಿದ್ದುತ್ತಾನೆ. ಮೊನ್ನೆ ಸಾವುಕಾರರು ಹೊಸ ಗರಗಸವೊಂದನ್ನು ಅಲ್ಲಿಡಲು ಬಗ್ಗಿದಾಗ ಅಡ್ಡ ನಿಂತ: "ಅಲ್ಲಿ ಹಿಡಸೂದಿಲ್ರಿ. ಮದಿವ್ಯಾಗಿ ಮೂರ ವರ್ಸ ಆತು, ಬಸಲಿಂಗವ್ವನ್ನ ಊರಿಂದ ಕರಸಾಕತ್ತೀನಿ. ಅದು ಅಕಿ ಟ್ರಂಕಿನ ಜಾಗಾರಿ." ಸಾವುಕಾರರು ಗರಗಸವನ್ನು ಒಯ್ದು ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು.