ಹಿಮದ ಮೇಲೆ ಬಿದ್ದ ಬಿಸಿಲು

ಸೀರೆಗೆ ಗಂಜಿ ಹಾಕುವುದನ್ನು ನಾನು ಎಷ್ಟೋ ವರ್ಷದ ಹಿಂದೆಯೇ ಬಿಟ್ಟಿದ್ದೆ. ಯಾರಿಗೆ ಬೇಕು ಆ ರಗಳೆ, ಇಸ್ತ್ರಿಯವನಿಗೆ ಕೊಟ್ಟರಾಯಿತು. ಆದರೆ ಮಗಳು ಚಳಿಗಾಲದ ಪರ್ವತಾರೋಹಣ ಶಿಬಿರಕ್ಕೆಂದು ಹಿಮಾಲಯಕ್ಕೆ ಹೋದಾಗಿನಿಂದ ಸುಮ್ಮನೆ ಕೂರಲಾಗುತ್ತಿಲ್ಲ, ಕೈಗೊಂದು ಕೆಲಸ ಬೇಕು. ಇವತ್ತು ಬೆಳಿಗ್ಗೆ ಮುಧೋಳದ ನಮ್ಮ ಮನೆಯ ಹಿತ್ತಲಲ್ಲಿ ಗಂಜಿ ಕಾಯಿಸಿ ಬಕೆಟ್ಟಿಗೆ ಸುರಿದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ತವರುಮನೆಯ ಓಣಿ ಕಣ್ಣ ಮುಂದೆ ಬಂತು. ಬನಹಟ್ಟಿಯ ಆ ಓಣಿಯ ಕೊನೆಯ ಮನೆಯ ಮಿಲಿಟರಿ ಕಾಕಾ ನೆನಪಾದರು.

ಕಾಕಾ ನಮ್ಮ ಸಂಬಂಧಿಕರೇನಲ್ಲ. ನೇಕಾರರ ಮನೆಯ ಮಗ, ಸೈನ್ಯ ಸೇರಿ ವರ್ಷಗಟ್ಟಲೆ ಹಿಮದ ಗಡಿಯಲ್ಲಿ ಕಾವಲು ಕಾದು, ಪಿಂಚಣಿ ತಗೊಂಡು ಬಂದು ಮತ್ತೆ ಮಗ್ಗಕ್ಕೇ ಕೂತಿದ್ದರು. ಮಾತು ಕಮ್ಮಿ, ಮೀಸೆ ಜಾಸ್ತಿ. ಅವರದೊಂದು ವಿಚಿತ್ರ ಸ್ವಭಾವವಿತ್ತು. ನಮ್ಮಲ್ಲಿ ಹಾಸಿನ ನೂಲನ್ನು, ಎಂದರೆ ಸೀರೆಯ ಉದ್ದನೆಯ ಎಳೆಗಳನ್ನು, ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ, ಬಿಸಿಲಿಗೆ ಒಣಗಿಸುತ್ತಿದ್ದರು. ನಾಲ್ಕು ದಿನ ಮೋಡ ಮುಸುಕಿತೆಂದರೆ ಕೆಲಸವೆಲ್ಲ ಬಂದ್. ಐದನೆಯ ದಿನ ಮೋಡ ಹರಿದದ್ದೇ ತಡ, "ಬಿಸಲು ಬಿತ್ತ್ರೆಪೋ, ಹಾಸು ತಗೀರಿ!" ಎಂದು ಯಾರಾದರೊಬ್ಬರು ಕೂಗುತ್ತಿದ್ದರು, ಮನೆಮನೆಯವರೂ ಕೈಲಿದ್ದದ್ದನ್ನು ಬಿಟ್ಟು ಹೊರಗೆ ಓಡುತ್ತಿದ್ದರು. ಕಾಕಾ ಮಾತ್ರ ಒಳಗೆ ಹೋಗಿ ಕದ ಮುಚ್ಚಿಕೊಂಡು ಕೂತುಬಿಡುತ್ತಿದ್ದರು. ಸಂಜೆ ಬಿಸಿಲಿಳಿದ ಮೇಲೆಯೇ ಅವರ ಮುಖ ಕಾಣುತ್ತಿತ್ತು. "ಹಿಮದಾಗ ಇದ್ದು ಬಂದಾರ, ಬಿಸಲು ತಡ್ಯೂದಿಲ್ಲ ಪಾಪ" ಎಂದು ಓಣಿಯ ಹೆಂಗಸರು ನಗಾಡುತ್ತಿದ್ದರು. ನಾನೂ ನಕ್ಕವಳೇ.

ಜಮಖಂಡಿಯಲ್ಲಿ ಕಾಲೇಜು ಓದುವಾಗ ನಾನು ಎನ್‌ಸಿಸಿಯಲ್ಲಿದ್ದೆ. ಜನವರಿಯ ಹಿಮದಲ್ಲಿ ಬೆಟ್ಟ ಹತ್ತುವ ತರಬೇತಿಗೆ ಆಯ್ಕೆಯಾದಾಗ ಓಣಿಗೆ ಓಣಿಯೇ ಹಿಗ್ಗಿತು. ಅಪ್ಪ ಮಾತ್ರ ನನ್ನನ್ನು ಕರೆದುಕೊಂಡು ಸೀದಾ ಕಾಕಾನ ಕಟ್ಟೆಗೆ ಹೋಗಿ ಕೂತ. "ನೀ ಕಂಡಾವ ಅದಿ. ನೀನ ಹೇಳಪಾ, ಕಳಸಲ್ಯೋ ಬ್ಯಾಡೋ?" ಅಂದ. ಕಾಕಾ ಮೀಸೆ ತಿರುವುತ್ತ ನನ್ನನ್ನೇ ನೋಡಿದರು. ನನಗೋ ಜೀವ ಬಾಯಿಗೆ ಬಂದಿತ್ತು, ಈ ಮನುಷ್ಯ ಬೇಡ ಅಂದರೆ ಎಲ್ಲ ಮುಗಿಯಿತು! ಕೊನೆಗೆ ಅವರು ನನ್ನನ್ನು ಒಳಗೆ ಕರೆದರು.

ಅಡುಗೆಮನೆಯಿಂದ ದೊಡ್ಡದೊಂದು ತಾಟು ತಂದು ಅದರಲ್ಲಿ ಸಕ್ಕರೆ ಹರವಿದರು. ಅದರ ಮೇಲೆ ಜೋಳದ ಹಿಟ್ಟನ್ನು ದಪ್ಪಗೆ ಸುರಿದು ಅಂಗೈಯಿಂದ ಒತ್ತಿ ಸಮ ಮಾಡಿದರು. "ಅಯ್ಯ, ಅಷ್ಟ ಹಿಟ್ಟಿನ್ಯಾಗ ನಾಕ ರೊಟ್ಟಿ ಆಗ್ತಿದ್ದೂ!" ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಒಲೆಯ ಮುಂದಿನಿಂದಲೇ ಒದರಿದಳು. ಕಾಕಾ ಕೇಳಿಸಿಕೊಳ್ಳಲಿಲ್ಲ. "ಕೆಳಗಿನ ಸಕ್ಕರಿ ಹಳೇ ಬರ್ಫ. ಕಾಳಕಾಳಾಗಿರತೈತಿ, ಒಂದಕ್ಕೊಂದು ಹಿಡಕೊಳ್ಳೂದಿಲ್ಲ. ಮ್ಯಾಲಿನ ಹಿಟ್ಟು ನಿನ್ನೆ ಮೊನ್ನೆ ಬಿದ್ದ ಹೊಸಾ ಹಿಮ" ಎನ್ನುತ್ತ ತಾಟನ್ನು ಒಂದು ಕಡೆ ಎತ್ತಿದರು. ಹಿಟ್ಟು ಗಟ್ಟಿಯಾಗಿ ಕೂತೇ ಇತ್ತು. ಇನ್ನೂ ಸ್ವಲ್ಪ ಎತ್ತಿದರು, ಆಗಲೂ ಕೂತಿತ್ತು. ಆಮೇಲೆ ಕಿರುಬೆರಳಿನಿಂದ ಒಂದೇ ಸಲ ಮುಟ್ಟಿದರು ನೋಡಿ... ಅಷ್ಟೂ ಹಿಟ್ಟು ಒಂದೇ ತುಂಡಾಗಿ ಕಿತ್ತು ಜಾರಿ ನನ್ನ ಮಡಿಲಿಗೆ ಬಿತ್ತು.

ನನಗೆ ನಗು ಬಂತು. ಅವರ ಮುಖ ನೋಡಿ ನಗು ನಿಂತಿತು.

ಅವತ್ತು ಅವರು ಹೇಳಿದ್ದನ್ನು ಕಾಕುಗೂ ಅದಕ್ಕೆ ಮುಂಚೆ ಹೇಳಿರಲಿಲ್ಲವಂತೆ. ಗಡಿಯ ಚೌಕಿಯಲ್ಲಿ ಆರು ಮಂದಿಗೆ ಅವರೇ ಹಿರಿಯರು. ಮೂರು ದಿನ ಬಿಡದೆ ಹಿಮ ಬಿದ್ದಿತ್ತು. ಬಟ್ಟೆ, ಹಗ್ಗ, ಕಾಲುಚೀಲ ಎಲ್ಲ ತೊಯ್ದು ತೊಪ್ಪೆ. ನಾಲ್ಕನೆಯ ಬೆಳಿಗ್ಗೆ ಬಿಸಿಲು ಬಿತ್ತು. ಹುಟ್ಟಾ ನೇಕಾರ! ಬಿಸಿಲು ಕಂಡದ್ದೇ ಓಣಿಯಲ್ಲಿ ಕೂಗುವ ಹಾಗೆಯೇ ಕೂಗಿದರಂತೆ, ಬಿಸಲು ಬಿತ್ತು, ಎಲ್ಲಾ ಹೊರಗ ತಗೀರಿ ಅಂತ. ಹಗ್ಗ ಹರವಲು ಚೌಕಿಯ ಮೇಲಿನ ಇಳಿಜಾರಿಗೆ ಹತ್ತಿದವನು ಅವರ ಜೀವದ ಗೆಳೆಯ, ನಮ್ಮ ಪಕ್ಕದ ಚಿಮ್ಮಡದವನು. ಬಿಸಿಲಿಗೆ ಸಡಿಲವಾಗಿದ್ದ ಹಿಮ ಅವನ ಕಾಲ ಕೆಳಗಿನಿಂದ ಕಿತ್ತು, ಅವನನ್ನೂ ಎಳೆದುಕೊಂಡು ಹೋಯಿತು. ಉಳಿದವರು ನಾಲ್ಕು ದಿನ ಅಗೆದರು. ರಜೆಗೆ ಬಂದ ಕಾಕಾ ಒಮ್ಮೆಯೂ ಚಿಮ್ಮಡಕ್ಕೆ ಹೋಗಲಿಲ್ಲ. ಗೆಳೆಯನ ತಾಯಿಗೆ ಮುಖ ತೋರಿಸುವ ಧೈರ್ಯ ಅವರಿಗಿರಲಿಲ್ಲ.

"ಹೋಗಬ್ಯಾಡ ಅನ್ನೂದಿಲ್ಲ ತಂಗಿ" ಅಂದರು. "ಖರೆ, ಬರ್ಫ ಬಿದ್ದು ನಿಂತ ಮ್ಯಾಲ ಬಿಸಲು ಬಿತ್ತಂದ್ರ ಖುಷಿ ಆಗಬ್ಯಾಡ. ಅವತ್ತ ಇಳಿಜಾರಿಗೆ ಕಾಲಿಡಬ್ಯಾಡ. ಕಾಲ ಬುಡಕ ಧಸಕ್ಕಂತ ಸಪ್ಪಳ ಬಂತಂದ್ರ, ಅದು ಬಾಯಿ ತಗದೈತಿ ಅಂತ ತಿಳಕೋ. ನನ್ನ ಕೈಮ್ಯಾಲ ಆಣಿ ಮಾಡು." ನಾನು ಆಣೆ ಮಾಡಿದೆ. ಹೋಗಲು ಸಿಕ್ಕರೆ ಸಾಕಾಗಿತ್ತು, ಯಾವ ಆಣೆಯಾದರೂ ಮಾಡುತ್ತಿದ್ದೆ.

ಅಲ್ಲಿಯೂ ಅದೇ ಆಯಿತು. ಎರಡು ದಿನ ಬಿಡದೆ ಹಿಮ ಬಿದ್ದು ಡೇರೆಯೊಳಗೆ ಹಲ್ಲು ಕಟಕಟ ಎನ್ನುತ್ತ ಕೂತೆವು. ಮೂರನೆಯ ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು. ಶಿಬಿರದಾಚೆಯ ದಿಬ್ಬದ ಬುಡದಲ್ಲಿ ನೆಟ್ಟಿದ್ದ ಕೆಂಪು ಬಾವುಟ ದಾಟಿ ಯಾರೂ ಹೋಗಕೂಡದೆಂದು ತರಬೇತಿದಾರರು ಹೇಳಿಯೇ ಹೇಳಿದ್ದರು. ಆದರೆ ಮರುದಿನ ನಮ್ಮ ಶಿಬಿರ ಮುಗಿಯುವುದಿತ್ತು. ಆ ದಿಬ್ಬ ಹತ್ತಿದರೆ ಶಿಖರ ಕಾಣುತ್ತದೆ, ಒಂದು ಫೋಟೋ ಹೊಡೆದುಕೊಂಡು ಬಂದರಾಯಿತು ಎಂದು ಮೂವರು ಹುಡುಗಿಯರು ಹೊರಟೆವು. ಸುಳ್ಳೇಕೆ ಹೇಳಲಿ, ಮುಂದೆ ಇದ್ದವಳು ನಾನೇ. ಬೆನ್ನಿಗೆ ಬಿದ್ದ ಬಿಸಿಲು ಎಷ್ಟು ಹಿತವಾಗಿತ್ತೆಂದರೆ ಕಾಕಾ ನೆನಪಿಗೇ ಬರಲಿಲ್ಲ.

ಅರ್ಧ ದಿಬ್ಬಕ್ಕೆ ಬಂದಾಗ ಕಾಲ ಕೆಳಗೆ ಧಸಕ್ ಅಂದಿತು. ತುಂಬಿದ ಜೋಳದ ಚೀಲವನ್ನು ಅಟ್ಟದಿಂದ ಕೆಡವಿದರೆ ಬರುತ್ತದಲ್ಲ, ಅಂಥ ಸಪ್ಪಳ. ನನ್ನ ಬೂಟಿನ ಮುಂದಿನಿಂದ ಒಂದು ಬಿರುಕು ಸರ್ರನೆ ಇಳಿಜಾರಿನ ಅಡ್ಡಕ್ಕೂ ಓಡಿತು. ನಾವು ಮೂವರೂ ಇದ್ದಲ್ಲೇ ನಿಂತೆವು. ಎಷ್ಟು ಹೊತ್ತು ನಿಂತಿದ್ದೆವೋ... ಆಮೇಲೆ ಒಬ್ಬೊಬ್ಬರಾಗಿ, ಹತ್ತಿದ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟು ಇಳಿದು ಬಂದೆವು. ಹಿಮ ಜಾರಲಿಲ್ಲ. ಏನೂ ಆಗಲಿಲ್ಲ. ಯಾರಿಗೂ ಹೇಳಬಾರದೆಂದು ಮಾತಾಡಿಕೊಂಡೆವು.

ಬನಹಟ್ಟಿಯಲ್ಲಿ ಬಸ್ಸಿಳಿದಾಗ ಅಪ್ಪನ ಜೊತೆ ಕಾಕಾನೂ ನಿಂತಿದ್ದರು. ಹೇಗಿದ್ದಿ, ಊಟ ಹೇಗಿತ್ತು, ಒಂದೂ ಕೇಳಲಿಲ್ಲ. "ಬಿಸಲು ಬಿದ್ದಿತ್ತೇನ?" ಅಂದರು. ಹೂಂ ಅಂದೆ. "ಇಳಿಜಾರಿಗೆ ಕಾಲಿಟ್ಟಿಯೇನ?"

"ಇಲ್ರೀ ಕಾಕಾ, ಡೇರೆ ಬಿಟ್ಟು ಹೊರಗ ಬರಲಿಲ್ರೀ." ಅವರ ಪ್ರಶ್ನೆ ಮುಗಿಯುವ ಮೊದಲೇ ಹೇಳಿದೆ.

ಅಷ್ಟು ದೊಡ್ಡ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಅತ್ತುಬಿಟ್ಟರು. ಆ ವಾರವೇ ಚಿಮ್ಮಡಕ್ಕೆ ಹೋಗಿ ಗೆಳೆಯನ ತಾಯಿಯ ಕಾಲು ಹಿಡಿದು ಎಲ್ಲ ಹೇಳಿದರಂತೆ. "ನಿನ್ನ ಮಗನ್ನ ಕಳದೆ. ಖರೆ, ಅವನ ಸಾವು ಒಂದು ಹುಡಿಗೀನ ಉಳಿಸೇತಿ ಯವ್ವಾ" ಅಂದರಂತೆ. ಮುದುಕಿ ಅವರ ತಲೆ ನೇವರಿಸಿ ರೊಟ್ಟಿ ತಿನ್ನಿಸಿ ಕಳಿಸಿದಳಂತೆ. ಆಮೇಲೆ ಮೋಡ ಹರಿದ ದಿನ ಕಾಕಾ ಹೊರಗೆ ಬಂದು ಎಲ್ಲರ ಜೊತೆ ಹಾಸು ಎಳೆದರು. ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದರು. ನಾನು ಯಾವ ಬಾಯಿಂದ ನಿಜ ಹೇಳಲಿ? ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಮದುವೆಯಾಗಿ ಮುಧೋಳಕ್ಕೆ ಬಂದೆ. ಅವರು ತೀರಿಕೊಂಡ ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಕಾಕು ನನ್ನನ್ನು ತಬ್ಬಿಕೊಂಡು, ಕೊನೆಯವರೆಗೂ ನಿನ್ನ ಸುದ್ದಿಯನ್ನೇ ಹೇಳುತ್ತಿದ್ದರು ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು.

ಈಗ ಒಂದು ತಾಸಿನ ಹಿಂದೆ ಮಗಳ ಫೋನ್ ಬಂತು. "ಅವ್ವಾ, ಎರಡ ದಿನ ಒಂದ ಸಮ ಬರ್ಫ ಬಿತ್ತು. ಇವತ್ತ ಎಷ್ಟ ಛಲೋ ಬಿಸಲು ಬಿದ್ದೈತಿ ಅಂತಿ!"

ಹಿಂಡುತ್ತಿದ್ದ ಸೀರೆಯನ್ನು ಬಕೆಟ್ಟಿಗೆ ಬಿಟ್ಟೆ. "ಇವತ್ತ ಎಲ್ಲೂ ಹತ್ತಬ್ಯಾಡ ಬೇ. ಮಿಲಿಟರಿ ಕಾಕಾನ ಮಾತು ಹೇಳೀನಿಲ್ಲ ನಿನಗ? ನಾ ಅವತ್ತ ಡೇರೆ ಬಿಟ್ಟು ಹೊರಗ ಹೋಗಲಿಲ್ಲ, ಅದಕ್ಕ ಬದುಕಿ ಬಂದೆ" ಎಂದೆ. ಮತ್ತೆ ಅದೇ ಸುಳ್ಳು.

"ಹೂಂ ಬೇ ಅವ್ವಾ, ಹೋಗೂದಿಲ್ಲ ಹೋಗೂದಿಲ್ಲ" ಎಂದಳು. ನನ್ನ ಮಾತು ಮುಗಿಯುವ ಮೊದಲೇ ಎಂದಳು. ಅವಳ ದನಿಯ ಹಿಂದೆ ಹಿಮ ತುಳಿಯುವ ಬೂಟುಗಳ ಸಪ್ಪಳ ಕೇಳುತ್ತಿತ್ತು. ಅಷ್ಟರಲ್ಲಿ ಫೋನ್ ಕಟ್ಟಾಯಿತು.

ಆಗಿನಿಂದ ಫೋನ್ ಹಚ್ಚುತ್ತಲೇ ಇದ್ದೇನೆ, ಲೈನ್ ಹತ್ತುತ್ತಿಲ್ಲ. ಕಾಕಾಗೆ ಹೇಳಲಾರದ್ದನ್ನು ಇವಳಿಗಾದರೂ ಹೇಳಬೇಕು. ನಾ ಹೋಗಿದ್ದೆ ಬೇ, ಆ ಸಪ್ಪಳ ನಾ ಕೇಳೀನಿ...