ಬಿಗಿ ಬ್ರೇಕಿನ ಅಂಜನಮೂರ್ತಿ

ದೊಮ್ಮಲೂರಿನ ಅಂಜನಮೂರ್ತಿಯವರ ಹಳೆಯ ಕಾರು ಬರುವ ಮುನ್ನವೇ ಬ್ರೇಕಿನ ಸುಟ್ಟ ವಾಸನೆ ಬರುತ್ತದೆ. ನೂರಡಿ ರಸ್ತೆಯಲ್ಲಿ ಸೊಪ್ಪಿನ ತಳ್ಳುಗಾಡಿಯೂ ಅದನ್ನು ಹಿಂದಿಕ್ಕುತ್ತದೆ. ಶಿವಾಜಿನಗರದ ಮೆಕ್ಯಾನಿಕ್ ಮಸೂದ್ ಸಾಬರು ತಿಂಗಳಿಗೊಮ್ಮೆ ಜಾಕ್ ಕೊಟ್ಟು, ಅಲುಗದ ಚಕ್ರ ಮುಟ್ಟಿ, ಬ್ರೇಕ್ ಡ್ರಮ್ಮಿನ ಬಿಸಿಗೆ ಕೈ ಕೊಡವಿಕೊಂಡು, “ಹೋದ್ಸಲ ನಾನೇ ಲೂಸ್ ಮಾಡಿದ್ನಲ್ಲ ಸಾರ್, ಮತ್ತೆ ಯಾರು ಟೈಟ್ ಮಾಡಿದ್ದು?” ಎನ್ನುತ್ತಾರೆ. “ಹಳೇ ಗಾಡಿ ಅಲ್ವಾ, ಅದೇ ಹಿಡ್ಕೊಳುತ್ತೆ” ಎಂದು ಮೂರ್ತಿಯವರು ಎತ್ತಲೋ ನೋಡುತ್ತಾರೆ. ಮನೆಗೆ ಬಂದವರೇ ಪಂಚೆ ಎತ್ತಿ ಕಟ್ಟಿ, ಕಾರಿನಡಿ ತೂರಿ, ನಾಲ್ಕೂ ಬ್ರೇಕನ್ನು ಮತ್ತೆ ಬಿಗಿ ಮಾಡುತ್ತಾರೆ. ಹತ್ತು ವರ್ಷದ ಹಿಂದೆ, ಸಡಿಲವಾಗಿದ್ದ ಬ್ರೇಕನ್ನು ನಾಳೆ ನೋಡಿದರಾಯಿತೆಂದು ಬಿಟ್ಟಿದ್ದರು; ಹಲಸೂರಿನ ಇಳಿಜಾರಿನಲ್ಲಿ ಕಾರು ಹಿಂದಕ್ಕೆ ಉರುಳಿದಾಗ ಹಿಂದೆ ನಿಂತಿದ್ದವರು ಹೆಂಡತಿ ವೆಂಕಟಮ್ಮ. ಈಗ ಆಕೆ ಊರುಗೋಲೂರಿಕೊಂಡು ಬಾಗಿಲಿಗೆ ಬಂದು, “ಸಾಕು ಬನ್ರೀ, ಅದಿನ್ನು ಉರುಳಲ್ಲ” ಎನ್ನುತ್ತಾರೆ. “ಇರು, ಇನ್ನೊಂದೇ ಸುತ್ತು” ಎನ್ನುತ್ತದೆ ಕಾರಿನಡಿಯ ದನಿ.