ಪಂಢರಪುರಕ್ಕೊಂದು ತಾರೀಕು

ನಮ್ಮ ಮನೆಯಲ್ಲಿ ಪಂಢರಪುರಕ್ಕೆ ಹೋಗುವ ದಿನ ಗೊತ್ತುಮಾಡುವುದು ಮದುವೆಯ ಮುಹೂರ್ತ ಹುಡುಕುವುದಕ್ಕಿಂತ ಕಷ್ಟ. ಪಿಂಪ್ರಿಯಲ್ಲಿ ಎಸ್‌ಟಿ ಬಸ್ ಹತ್ತಿದರೆ ಐದಾರು ತಾಸಿನ ದಾರಿ. ಒಂದು ರಾತ್ರಿ ಧರ್ಮಶಾಲೆ, ಬೆಳಿಗ್ಗೆ ಚಂದ್ರಭಾಗೆಯಲ್ಲಿ ಸ್ನಾನ, ದರ್ಶನ, ಊಟ, ವಾಪಸು. ಇಷ್ಟಕ್ಕೆ ನಾನು, ನಮ್ಮ ಮನೆಯವರು, ಅತ್ತೆ ಮೂವರೂ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಏಕಾದಶಿ ಬೇಡ, ಕಾಲಿಡಲು ಜಾಗ ಇರುವುದಿಲ್ಲ. ಭಾನುವಾರವೂ ಬೇಡ. ನಮ್ಮವರ ಕಾರ್ಖಾನೆಗೆ ಗುರುವಾರ ರಜೆ, ಅದಕ್ಕೆ ಬುಧವಾರ ಸೇರಿಸಿಕೊಳ್ಳಬೇಕು. ಚಳಿಯಲ್ಲಿ ಅತ್ತೆಯ ಮೊಣಕಾಲು ಹಿಡಿದುಕೊಳ್ಳುತ್ತದೆ. ಇದೆಲ್ಲ ಹೊಂದಿದ ಮೇಲೆ ಕೊನೆಗೆ ಉಳಿಯುವುದು ನನ್ನ ತಾರೀಕು. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅತ್ತೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ನನ್ನ ಕಡೆ ನೋಡದೆ, "ಆ ವಾರ ನಡೀತದೇನು?" ಅನ್ನುತ್ತಾರೆ. ನಾನು ಒಲೆಯ ಕಡೆ ಮುಖ ಮಾಡಿಕೊಂಡೇ ಉತ್ತರ ಕೊಡುತ್ತೇನೆ.

ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಎರಡು ಸಲ ಆ ಊರಿಗೆ ಹೋಗಿದ್ದೇನೆ. ಎರಡು ಸಲವೂ ಗುಡಿಯ ಒಳಗೆ ಹೋಗಿಲ್ಲ. ಮೊದಲ ಸಲ ಧರ್ಮಶಾಲೆಯಲ್ಲಿ ಚೀಲ ಕಾಯುತ್ತ ಕೂತೆ. ಎರಡನೇ ಸಲ ಮುಟ್ಟು ಮುಂದೂಡುವ ಗುಳಿಗೆ ನುಂಗಿಯೇ ಹೋಗಿದ್ದೆ. ಅದೇನು ಕರ್ಮವೋ, ಸರದಿಯಲ್ಲಿ ನಿಲ್ಲುವ ಹೊತ್ತಿಗೆ ಸರಿಯಾಗಿ ಹೊರಗಾದೆ. ಅತ್ತೆಗೆ ಹೇಳಿದೆ. "ಆತು, ಚಪ್ಪಲಿ ಹತ್ರ ಕೂಡು" ಅಂದರು. ಮೂರು ತಾಸು ಕಂಡವರ ಚಪ್ಪಲಿಗಳ ನಡುವೆ ಕೂತೆ. ಒಳಗೆ ಹೋದವರೆಲ್ಲ ಹಣೆಗೆ ಕಪ್ಪು ಬುಕ್ಕಿಟ್ಟು ಹಚ್ಚಿಕೊಂಡು ನಗುನಗುತ್ತ ಬಂದರು. ಹೊಟ್ಟೆ ಉರಿದುಹೋಯಿತು. ದೇವರ ಮೇಲೂ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ನನಗೆ ಬೇಕಾಗಿದ್ದು ದೊಡ್ಡದೇನಲ್ಲ. ಬೇರೆ ಗುಡಿಗಳಲ್ಲಿ ದೇವರನ್ನು ದೂರದಿಂದ, ಮುಂದಿನವರ ತಲೆಗಳ ಸಂದಿಯಿಂದ ನೋಡಬೇಕು. ಪಂಢರಪುರದಲ್ಲಿ ಯಾರು ಬೇಕಾದರೂ ಹತ್ತಿರ ಹೋಗಿ ವಿಠ್ಠಲನ ಪಾದದ ಮೇಲೆ ತಲೆ ಇಡಬಹುದು. ನಮ್ಮವ್ವ ಹಾಗೆ ತಲೆ ಇಟ್ಟು ಬಂದು ಎಂಟು ದಿನ ಬೇರೆ ಮಾತೇ ಆಡಿರಲಿಲ್ಲ. ನಾನೂ ಒಮ್ಮೆ, ಒಂದೇ ಒಮ್ಮೆ, ಅಲ್ಲಿ ತಲೆ ಇಡಬೇಕು.

ಈಗ ನನಗೆ ನಲವತ್ತೆಂಟು. ಒಂದು ತಿಂಗಳು ಹದಿನೆಂಟು ದಿನಕ್ಕೆ ಬರುತ್ತದೆ, ಇನ್ನೊಮ್ಮೆ ಎರಡು ತಿಂಗಳು ಪತ್ತೆಯಿಲ್ಲ. ಬಿಪಿ ಇರುವುದರಿಂದ ಇನ್ನು ಗುಳಿಗೆಯ ಹೆಸರೆತ್ತಬೇಡಿ ಎಂದು ಡಾಕ್ಟರಮ್ಮ ಗದರಿಸಿ ಕಳಿಸಿದ್ದರು. ಮನೆಗೆ ಬಂದು ಹೇಳಿದಾಗ ಅತ್ತೆ ಸಮಾಧಾನದಿಂದ, "ಪೂರಾ ನಿಂತ ಮ್ಯಾಲೆ ಹೋಗೂಣಂತ, ಅವಸರ ಏನದ?" ಅಂದರು.

"ನಂದು ನಿಂದರೂದ್ರಾಗ ನಿಮ್ಮ ಮೊಣಕಾಲೂ ನಿಂತಿರ್ತಾವರಿ" ಅಂದೆ. ಎಪ್ಪತ್ತೈದು ದಾಟಿದ ಮುದುಕಿಗೆ ಹಾಗನ್ನಬಾರದಿತ್ತು. ಅತ್ತೆ ಮುಖ ಗಂಟು ಹಾಕಿಕೊಂಡು ಎರಡು ದಿನ ನನ್ನ ಕೈಯ ಚಹಾ ಕುಡಿಯಲಿಲ್ಲ. ಮೂರನೆಯ ದಿನ ತಾವೇ ಕ್ಯಾಲೆಂಡರಿನ ಮುಂದೆ ಹೋಗಿ ನಿಂತರು.

ಅಂತೂ ಶಿವರಾತ್ರಿ ಕಳೆದ ಮೇಲಿನ ಒಂದು ಬುಧವಾರ ಗೊತ್ತಾಯಿತು. ಅಷ್ಟರಲ್ಲಿ ನಮ್ಮವರ ಕಾರ್ಖಾನೆಯಲ್ಲಿ ಏನೋ ತಪಾಸಣೆ ಬಂದು ರಜೆ ರದ್ದಾಯಿತು. ಮೆಟ್ಟಿಲಲ್ಲಿ ನಮ್ಮವರಿಗೆ ಕೆಳಗಿನ ಮನೆಯ ಮರಾಠಿ ಬಾಯಿ ಸಿಕ್ಕು, ಪಂಢರಪುರ ಯಾವಾಗ ಎಂದು ಕೇಳಿದರು. ಇವರು ತಮ್ಮ ಮರಾಠಿಯಲ್ಲಿ ಗಂಭೀರವಾಗಿ, "ಮಲಾ ಅಡಚಣ ಆಲೀ ಆಹೆ" ಅಂದರು. ನನಗೊಂದು ಅಡಚಣೆ ಬಂದಿದೆ, ಇಷ್ಟೇ ಇವರ ಅರ್ಥ. ಆದರೆ ಇಲ್ಲಿನ ಹೆಂಗಸರು ಮುಟ್ಟಿಗೆ ಹೇಳುವುದೂ ಅಡಚಣ ಎಂದೇ. ತೀರ್ಥಯಾತ್ರೆಯ ಮಾತಿನಲ್ಲಂತೂ ಅದಕ್ಕೆ ಬೇರೆ ಅರ್ಥವೇ ಇಲ್ಲ. ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿಬಿಟ್ಟರು. ಇವರು ಮೇಲೆ ಬಂದು, "ನಾ ಏನಂದೆ ಅಂತ ಆಕಿ ಹಂಗ ನಕ್ಕಳು?" ಎಂದು ಕೇಳಿದರು. ನಾನೂ ಅತ್ತೆಯೂ ಎಷ್ಟೋ ವರ್ಷದ ಮೇಲೆ ಒಬ್ಬರ ಹೆಗಲಿಗೊಬ್ಬರು ಬಿದ್ದು ನಕ್ಕೆವು. ಅವರಿಗೆ ಮಾತ್ರ ಯಾರೂ ಹೇಳಲಿಲ್ಲ.

ಆ ಬಾಯಿ ಪ್ರತಿವರ್ಷ ಆಷಾಢದಲ್ಲಿ ಸಂತರ ಪಲ್ಲಕ್ಕಿಯ ಜೊತೆ ಪಂಢರಪುರದವರೆಗೆ ನಡೆದು ಹೋಗುವವರು. ಮರುದಿನ ಅವರು ಕರಿಬೇವು ಕೇಳಲು ಬಂದಾಗ ನಾನು ನೇರವಾಗಿ ಕೇಳಿಯೇಬಿಟ್ಟೆ, ಹದಿನೆಂಟು ಇಪ್ಪತ್ತು ದಿನದ ದಾರಿಯಲ್ಲಿ ಅಡಚಣ ಬಂದರೆ ಏನು ಮಾಡುತ್ತೀರಿ ಅಂತ. "ಚಾಲತ ರಾಹಾಯಚ" ಅಂದರು. ನಡೆಯುತ್ತಾ ಇರುವುದು, ಮತ್ತೇನು. ಅತ್ತೆ ಅಲ್ಲೇ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಕೇಳಿಸಿತು ಅಂತ ನನಗೆ ಗೊತ್ತು, ಆದರೆ ತಲೆ ಎತ್ತಲಿಲ್ಲ.

ತಪಾಸಣೆ ಮುಗಿದು ಮತ್ತೊಂದು ಬುಧವಾರ ಸಿಕ್ಕಿತು. ನನ್ನದು ಬಂದು ಹೋಗಿ ಬರೀ ಹನ್ನೆರಡು ದಿನವಾಗಿತ್ತು, ಈ ಸಲ ಗೆದ್ದೆ ಅಂದುಕೊಂಡೆ. ಸಜ್ಜೆ ರೊಟ್ಟಿ ಬಡಿದೆ, ಶೇಂಗಾ ಹಿಂಡಿ ಕುಟ್ಟಿದೆ, ಹೊಸ ಸೀರೆಯನ್ನು ಮೂರು ಸಲ ಮಡಚಿದೆ.

ಬುಧವಾರ ಐದಕ್ಕೆ ಎದ್ದು ಬಚ್ಚಲಿಗೆ ಹೋದೆ. ಬಂದಿತ್ತು.

ಅಯ್ಯೋ ನನ್ನ ಹಣೆಬರವೇ! ಬಕೆಟ್ಟಿಗೆ ಒದ್ದೆ. ನಳ ಬಿಟ್ಟು, ಅದರ ಸದ್ದಿನಲ್ಲಿ ಗಳಗಳ ಅತ್ತುಬಿಟ್ಟೆ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಅತ್ತೆ ನನ್ನ ಕೈ ಹಿಡಿದುಕೊಂಡೇ ಗುಡಿಯ ಮೆಟ್ಟಿಲು ಹತ್ತಬೇಕು. ಅವರು ನಂಬಿದ್ದನ್ನು ಕದ್ದು ಮುರಿಯಲು ಮನಸ್ಸು ಬರಲಿಲ್ಲ. ಮುಖ ತೊಳೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅತ್ತೆ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟುತ್ತಿದ್ದರು. ತಿರುಗಿ ನನ್ನ ಮುಖ ನೋಡಿದರು. ಅಷ್ಟೇ ಸಾಕಾಯಿತು.

"ಅತ್ತಿ, ನಾ..."

"ಚಹಾ ಆಗ್ಯಾದ, ಕುಡಿ."

"ಹಂಗಲ್ಲರಿ, ನಂದು ಇವತ್ತ..."

"ನಾ ಕೇಳೀನೇನು?" ಅತ್ತೆಯ ದನಿ ಜೋರಾಯಿತು. "ಕೇಳಲಾರದ್ದು ಹೇಳಲಾಕ ಬರಬ್ಯಾಡ. ಬಸ್ಸು ಹೋಗ್ತದ, ಸೀರಿ ಉಟ್ಕೋ ನಡಿ."

ಅತ್ತೆ ರೊಟ್ಟಿಯ ಗಂಟನ್ನು ನನ್ನ ಕೈಯಲ್ಲೇ ಕೊಟ್ಟರು.

ಬಸ್ಸಿನಲ್ಲಿ ನಮ್ಮವರು ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಕೊಟ್ಟು ಗೊರಕೆ ಶುರುಮಾಡಿದರು. ಹಡಪ್ಸರ ದಾಟಿದ ಮೇಲೆ ಅತ್ತೆ ನನ್ನ ಕಿವಿಯ ಹತ್ತಿರ ಬಂದರು.

"ಮದುವಿಯಾದ ವರ್ಷ ನಾನೂ ಹಿಂಗ ಹೋಗಿದ್ದೆ. ನಂದು ಎರಡನೇ ದಿನ. ನಮ್ಮತ್ತಿ ಸಿಟ್ಟು ನಿನಗ ಗೊತ್ತಿಲ್ಲ. ನನ್ನ ಸಲುವಾಗಿ ಅಷ್ಟೂ ಮಂದಿ ಹೊಳ್ಳಿ ಬರೂದಾಗಿದ್ರ ಜೀವಂತ ಬಿಡ್ತಿರಲಿಲ್ಲ. ಬಾಯಿ ಮುಚಗೊಂಡು ಒಳಗ ಹೋದೆ, ತಲಿ ಇಟ್ಟೆ, ಬಂದೆ."

"ಆಮ್ಯಾಲೆ?"

"ಆಮ್ಯಾಲೆ ಏನು? ಮುಂದಿನ ವರ್ಷ ಇಂವ ಹುಟ್ಟಿದ" ಎಂದು ಮುಂದಿನ ಸೀಟಿನ ಕಡೆ ಗದ್ದ ತೋರಿಸಿದರು.

ನನಗೆ ನಗು ಬರಬೇಕಿತ್ತು, ಮೈಯೆಲ್ಲ ಉರಿಯಿತು. "ಮತ್ತ ನನ್ನ ಯಾಕ ಚಪ್ಪಲಿ ಹತ್ರ ಕುಂದರಿಸಿದ್ರಿ?"

"ನೀ ಹೇಳಿದಿ. ಹೇಳಿದ ಮ್ಯಾಲೂ ಒಳಗ ಬಾ ಅಂದ್ರ, ನಾ ಮಾಡಿದ್ದು ನಾನೇ ಒಪ್ಪಿಕೊಂಡಂಗ ಆಗ್ತಿತ್ತು. ಧೈರ್ಯ ಆಗಲಿಲ್ಲ." ಕಿಟಕಿಯ ಹೊರಗೆ ನೋಡುತ್ತ, "ಇವತ್ತಿನ ತನಕ ಯಾರ ಮುಂದೂ ಒಪ್ಪಿಲ್ಲ. ಆ ವಿಠ್ಠಲನ ಮುಂದೂ ಇಲ್ಲ. ಎಷ್ಟು ಸಲ ಹೋಗೀನಿ, ತಲಿ ಇಡ್ತೀನಿ, ಮುಖ ಎತ್ತಿ ನೋಡಂಗಿಲ್ಲ" ಅಂದರು.

ಇಂದಾಪುರ ಬರುವವರೆಗೆ ನಾನು ಅವರ ಜೊತೆ ಮಾತಾಡಲಿಲ್ಲ. ಅಲ್ಲಿ ಬಸ್ಸು ನಿಂತಾಗ ಮೆಟ್ಟಿಲು ಇಳಿಯಲಾರದೆ ಅತ್ತೆ ಕೈ ಚಾಚಿದರು. ಹಿಡಿದುಕೊಂಡೆ. ಐವತ್ತು ವರ್ಷಕ್ಕೂ ಮೇಲೆ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದ ಹೆಂಗಸು. ಸಿಟ್ಟು ಹೋಗಿರಲಿಲ್ಲ, ಆದರೆ ಪಾಪ ಅನ್ನಿಸಿತು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಪಾದದ ಸರದಿಯಲ್ಲಿ ನಿಂತೆವು. ಮೂರೂವರೆ ತಾಸು. ಅತ್ತೆ ನನ್ನ ಮುಂದೆ ಹೋಗಿ, ತಲೆ ಇಟ್ಟು, ಕೆಳಗೆ ನೋಡುತ್ತಲೇ ಸರಿದರು. ನನ್ನ ಪಾಳಿ ಬಂತು. ಬಗ್ಗಿ ತಲೆ ಇಟ್ಟೆ. ಬೇಡಿಕೊಳ್ಳಬೇಕೆಂದಿದ್ದ ಒಂದೂ ನೆನಪಾಗಲಿಲ್ಲ. "ನಂದು ಇವತ್ತ ಎರಡನೇ ದಿನ ಅದ ಪಾಂಡುರಂಗಾ, ಹಂಗೇ ಬಂದೀನಿ" ಎಂದು ಕನ್ನಡದಲ್ಲಿ ಬಾಯಿಬಿಟ್ಟೇ ಹೇಳಿದೆ. ತಲೆ ಎತ್ತಿ ಅವನ ಮುಖ ನೋಡಿದೆ. ಪಕ್ಕದಲ್ಲಿ ನಿಂತವರು ಹೆಗಲು ತಟ್ಟಿ, "ಚಲಾ ಮಾವಶಿ, ಪುಢೆ ಚಲಾ" ಎಂದು ಮುಂದೆ ಕಳಿಸಿದರು. ಹೊರಗೆ ಬಂದು ನಾನೂ ಹಣೆಗೆ ಕಪ್ಪು ಬುಕ್ಕಿಟ್ಟು ಹಚ್ಚಿಕೊಂಡೆ.

ನಮ್ಮವರು ಪೇಢೆ ತರಲು ಹೋದರು. ಅತ್ತೆ ಕಟ್ಟೆಯ ಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಿದ್ದರು.

"ಅತ್ತಿ, ನಾ ಹೇಳಿಬಿಟ್ಟೆರಿ."

ಅತ್ತೆ ಗಾಬರಿಯಾಗಿ ಅತ್ತಿತ್ತ ನೋಡಿದರು. "ಯಾರಿಗೆ?"

"ಅಂವಗ."

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಹಳ ಮೆಲ್ಲಗೆ, ಸಣ್ಣ ಹುಡುಗಿಯ ಹಾಗೆ ಕೇಳಿದರು: "ಏನಂದ?"

"ಏನೂ ಅನ್ನಲಿಲ್ಲರಿ. ಸುಮ್ಮನ ನಿಂತಿದ್ದ."

ಅವರು ಸೆರಗು ಸರಿಮಾಡಿಕೊಂಡು, ನನ್ನ ಹೆಗಲಿಗೆ ಕೈ ಊರಿ ಎದ್ದರು. ಬಸ್ ಸ್ಟ್ಯಾಂಡಿನ ದಾರಿ ಬಲಕ್ಕಿತ್ತು. ಅತ್ತೆ ಎಡಕ್ಕೆ, ಸರದಿಯ ಬಾಲದ ಕಡೆ ತಿರುಗಿದರು.

"ಇನ್ನೊಮ್ಮೆ ನಿಂದರೂಣು ನಡಿ" ಅಂದರು. "ನಾನೂ ಹೇಳಿ ಬರ್ತೀನಿ."